ಅಜ್ಜಿಯ ದನಿಯಲ್ಲಿ ಬಾಯಾರಿಕೆ

ಮರಳವಾಡಿ ಕಡೆಯ ಆ ಹಳ್ಳಿಯಲ್ಲಿ ಆ ಹುಡುಗಿಯನ್ನು ಎಲ್ಲರೂ ಮೂಗಿ ಅನ್ನುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅವಳು ಮೂಗಿಯಲ್ಲ. ಕಿವಿ ಚೆನ್ನಾಗಿ ಕೇಳಿಸುತ್ತಿತ್ತು, ಗಂಟಲಲ್ಲಿ ದನಿಯಿತ್ತು, ಖುಷಿಯಾದರೆ ಗುನುಗುತ್ತಿದ್ದಳು, ಸಿಟ್ಟು ಬಂದರೆ ಇಡೀ ಬೀದಿಗೆ ಕೇಳುವಂತೆ ಕಿರುಚುತ್ತಿದ್ದಳು. ಮಾತು ಮಾತ್ರ ಬರಲಿಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಟಿಸಂ ಅಂದಿದ್ದರಂತೆ. ಹಾಗಂದರೆ ಏನು ಅಂತ ಬಿಡಿಸಿ ಹೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ನಾನಾಗ ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿದ್ದೆ. ಮಾತು ಬಾರದ ಮಕ್ಕಳಿಗೆ ಅವರ ಪರವಾಗಿ ಮಾತಾಡುವ ಸಾಧನ ಮಾಡುವುದು ನಮ್ಮ ಕೆಲಸ. ಸಾಧನವನ್ನು ಮಗುವೂ ಮನೆಯವರೂ ನಾವೂ ಕೂಡಿಯೇ ಮಾಡಬೇಕು ಎನ್ನುವುದು ಆ ಯೋಜನೆಯ ತಿರುಳು. ಕೂಡಿ ಮಾಡುವುದು ಅಂತ ಇಂಗ್ಲಿಷಿನಲ್ಲಿ ಬರೆದವರು ಯಾರೂ ಹಾರೋಹಳ್ಳಿ ದಾಟಿ ಬಂದವರಲ್ಲ. ನಾನು ಹುಟ್ಟಿ ಬೆಳೆದದ್ದು ಕನಕಪುರ. ಅದಕ್ಕೇ ಈ ಕಡೆಯ ಮನೆಗಳನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಕಟ್ಟಲಿ ಬಿಡಿ ಅಂತ ನಾನೂ ಬಸ್ಸು ಹತ್ತಿದೆ.

ಹಾರೋಹಳ್ಳಿ ಸುತ್ತ ಆಗ ಫ್ಯಾಕ್ಟರಿಗಳು ಒಂದರ ಬೆನ್ನಿಗೊಂದು ಏಳುತ್ತಿದ್ದವು. ಆ ಹುಡುಗಿಯ ಅಪ್ಪ ಅಂಥದೊಂದರಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವ್ವ ಗಾರ್ಮೆಂಟ್ಸಿಗೆ. ಬೆಳಕು ಹರಿಯುವ ಹೊತ್ತಿಗೆ ಊರ ಮುಂದೆ ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು, ಡಬ್ಬಿ ಹಿಡಿದುಕೊಂಡು ಹೆಂಗಸರೆಲ್ಲ ಓಡುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಇಬ್ಬರೇ, ಮಗು ಮತ್ತು ಅಪ್ಪನ ತಾಯಿ, ಅಂದರೆ ಅಜ್ಜಿ. ಉಳಿದಿದ್ದ ಒಂದು ತುಂಡು ನೆಲದಲ್ಲಿ ಹಿಪ್ಪುನೇರಳೆ ಹಾಕಿಕೊಂಡು ಅಜ್ಜಿ ಒಬ್ಬಳೇ ರೇಷ್ಮೆ ಹುಳು ಸಾಕುತ್ತಿದ್ದಳು.

ಮೊದಲ ಸಲ ಹೋದಾಗ ಮಗುವಿನ ತುಟಿಯ ಸುತ್ತ ಸುಟ್ಟ ಕಲೆ ಇತ್ತು. ಏನಾಯಿತು ಅಂತ ಕೇಳಿದೆ. ಹುಳುವಿನ ಕೋಣೆ ತೊಳೆಯಲು ಅಜ್ಜಿ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿಟ್ಟಿದ್ದಳಂತೆ. ಮಗುವಿಗೆ ಬಾಯಾರಿದೆ, ಕೇಳಲು ಬಾರದು, ಬಕೆಟ್ಟಿನಲ್ಲಿ ನೀರಿನ ಹಾಗೆ ಕಂಡಿದೆ, ಬಾಯಿಟ್ಟುಬಿಟ್ಟಿದೆ. ಕನಕಪುರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು.

"ಅದ್ಕೆ ಕೈಗೆಟುಕೋ ಹಂಗೆ ಒಂದ್ ಚೊಂಬು ನೀರು ಮಡಗಬಾರ್ದಾ ಅಜ್ಜೀ?" ಅಂದೆ. ನನ್ನ ದನಿಯಲ್ಲಿ ಗದರಿಕೆ ಇತ್ತು.

"ಮಡಗ್ದೆ ಇರ್ತೀನಾ ಮಗಾ? ಮಡಗಿದ್ ಗಳಿಗೇಲೇ ನೆಲಕ್ಕೆ ಉಯ್ದ್ಬುಡ್ತಳೆ. ನೀರು ಹರಿಯೋದ್ ನೋಡ್ಕಂಡ್ ಕೂತ್ಕತಳೆ. ಆಮ್ಯಾಕೆ ಬಾಯಾರ್ತೈತೆ, ಕೇಳಕ್ ಬರಾಕಿಲ್ಲ. ನಾನೇನು ನೀರಿನ್ ಜೊತೇಲೇ ಕೂತಿರ್ಲಾ, ಹುಳಕ್ಕೆ ಸೊಪ್ಪಾಕೋರ್ ಯಾರು?"

ಅಜ್ಜಿ ಹೇಳುತ್ತಿದ್ದಂತೆಯೇ ನನಗೆ ಕುಡಿಯಲು ಕೊಟ್ಟಿದ್ದ ನೀರನ್ನೂ ಮಗು ಚೆಲ್ಲಿ, ಅದು ಹೊಸಿಲ ಕಡೆ ಹರಿಯುವುದನ್ನು ತಲೆ ಓರೆ ಮಾಡಿ ನೋಡುತ್ತಾ ಕೂತಿತ್ತು. ಆ ಮನೆಗೆ ಬೇಕಾಗಿದ್ದದ್ದು ಒಂದೇ, ಬಾಯಾರಿದಾಗ ಮಗು ನೀರು ಕೇಳಬೇಕು. ಕೇಳದೇ ಹೋದರೆ ಇನ್ನೊಂದು ದಿನ ಇನ್ಯಾವುದೋ ಬಕೆಟ್ಟಿಗೆ ಬಾಯಿ ಹಾಕುತ್ತದೆ. ಮುಂದಿನ ಸಲವೂ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗುತ್ತದೆ ಅಂತ ಯಾರು ಹೇಳಬಲ್ಲರು?

ನಾವು ಮಾಡಿದ ಸಾಧನ ಬಹಳ ಸರಳ. ಮೇಲೆ ನಾಲ್ಕು ಗುಂಡಿ, ಗುಂಡಿಗೊಂದು ಚಿತ್ರ. ಚೊಂಬಿನ ಚಿತ್ರ ಒತ್ತಿದರೆ ಒಳಗೆ ತುಂಬಿಸಿಟ್ಟ ದನಿ ನೀರು ಕೇಳುತ್ತದೆ, ತಟ್ಟೆಯ ಚಿತ್ರ ಒತ್ತಿದರೆ ಊಟ ಕೇಳುತ್ತದೆ. ಇನ್ನೆರಡು, ಹೊರಕ್ಕೆ ಹೋಗಬೇಕು ಅನ್ನುವುದಕ್ಕೆ ಮತ್ತು ಸಾಕು ಅನ್ನುವುದಕ್ಕೆ. ಕೇಂದ್ರದವರು ಕೊಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಮಗು ಮೊದಲ ದಿನವೇ ಕಚ್ಚಿ, ಗೋಡೆಗೆ ಎಸೆದು ಮುಗಿಸಿತ್ತು. ನಾನು ಚನ್ನಪಟ್ಟಣಕ್ಕೆ ಹೋಗಿ ಹಾಲೆ ಮರದಲ್ಲಿ ದುಂಡನೆಯ ಡಬ್ಬಿ ಕಡೆಸಿ ಅರಗಿನ ಬಣ್ಣ ಹಾಕಿಸಿ, ಯಂತ್ರ, ಗುಂಡಿ ಅದರಲ್ಲೇ ಕೂರಿಸಿ ತಂದೆ. ಬಾಯಿಗಿಟ್ಟರೂ ಭಯವಿಲ್ಲ. ಮಗು ಅದನ್ನು ಕೆನ್ನೆಗೆ ಒತ್ತಿಕೊಂಡು ಮೂಸಿತು, ಎಸೆಯಲಿಲ್ಲ. ಅಬ್ಬಾ ಅಂದುಕೊಂಡೆ.

ದನಿಯದೇ ತಾಪತ್ರಯ. ಕೇಂದ್ರದಲ್ಲಿ ಒಬ್ಬಾಕೆಯಿಂದ ಹೇಳಿಸಿದ್ದರು, "ನನಗೆ ನೀರು ಬೇಕಾಗಿದೆ" ಅಂತ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಕೂಗಿದಂತಿತ್ತು. ಮಗು ಎರಡೂ ಕಿವಿ ಮುಚ್ಚಿಕೊಂಡು ಹುಳುವಿನ ಕೋಣೆಗೆ ಓಡಿತು. ಅಜ್ಜಿ ಬಿದ್ದು ಬಿದ್ದು ನಕ್ಕಳು.

"ಯಾರವ್ವ ಅವ್ಳು, ಉಣ್ದೆ ಉಪಾಸ ಇದ್ದೋಳಂಗೆ ಮಾತಾಡ್ತಳೆ? ತಾ ಇಲ್ಲಿ, ನಾನ್ ಏಳ್ತೀನಿ."

ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವುಡರಿಗೆ ಹೇಳುವ ಹಾಗೆ ಅದರ ಹತ್ತಿರಕ್ಕೆ ಬಾಗಿ ಹೇಳಿದಳು: "ಬಾಯಾರ್ತೈತೆ, ಒಸಿ ನೀರ್ ಕೊಡ್ರವ್ವ."

ಅಷ್ಟೇ. ತುಂಬಿಸಿಕೊಂಡು ಚೊಂಬಿನ ಗುಂಡಿ ಒತ್ತಿದೆ. ಕೋಣೆಯೊಳಗಿಂದ ಮಗು ಹೊರಬಂತು. ಅಜ್ಜಿಯ ಬಾಯಿ ಮುಚ್ಚಿದೆ, ಅಜ್ಜಿಯ ಮಾತು ಡಬ್ಬಿಯಿಂದ ಬರುತ್ತಿದೆ. ಮಗು ಡಬ್ಬಿಯನ್ನು ಕಿವಿಗೆ ಹಿಡಿದುಕೊಂಡಿತು. ಆಮೇಲಿನ ವಾರಗಳಲ್ಲಿ ಅಜ್ಜಿ ಪಟ್ಟ ಪಾಡನ್ನು ಯಾವ ಡಾಕ್ಟರೂ ಪಟ್ಟದ್ದು ನಾನು ನೋಡಿಲ್ಲ. ಹುಳು ಮೇಯುತ್ತಿದ್ದರೂ ಸರಿ, ಒಲೆ ಮೇಲೆ ಹಿಟ್ಟು ಕುದಿಯುತ್ತಿದ್ದರೂ ಸರಿ, ಮಗು ಚೊಂಬಿನ ಗುಂಡಿ ಒತ್ತಿದ ಕೂಡಲೇ "ಬಂದೆ ಕಣವ್ವ ಬಂದೆ" ಅಂತ ಎದ್ದು ನೀರು ಕೊಡುತ್ತಿದ್ದಳು. ಒತ್ತಿದರೆ ನೀರು ಬರುತ್ತದೆ ಎನ್ನುವುದು ಮಗುವಿಗೆ ಗಟ್ಟಿಯಾಯಿತು. ಬಕೆಟ್ಟಿನ ಕಡೆ ಹೋಗುವುದು ನಿಂತಿತು. ಸಂಜೆ ವ್ಯಾನು ಇಳಿದು ಬಂದ ಸೊಸೆ, ಮಗುವಿನ ಅವ್ವ, ಅದನ್ನು ಕಂಡು ಹಜಾರದ ಕಂಬಕ್ಕೆ ಒರಗಿಕೊಂಡು ಸುಮ್ಮನೆ ಅತ್ತಳಂತೆ.

ಅಜ್ಜಿಯ ದನಿ ತುಂಬಿಸಿದ್ದು ತಪ್ಪು ಅಂತ ಆಮೇಲೆ ನಮ್ಮ ಕೇಂದ್ರದವರು ಅಂದರು. ನಾನು ಇವತ್ತಿಗೂ ಒಪ್ಪುವುದಿಲ್ಲ. ಆ ದನಿ ಇಲ್ಲದಿದ್ದರೆ ಆ ಮಗು ಡಬ್ಬಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹುಳು ಹಣ್ಣಾಗಿ ಗೂಡು ಕಟ್ಟಲು ಹತ್ತಿರವಾದ ಹೊತ್ತಿನಲ್ಲಿ ಅಜ್ಜಿ ಸತ್ತಳು. ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆ ಮೇಲಿಟ್ಟುಕೊಂಡು ರಸ್ತೆ ದಾಟುತ್ತಿದ್ದಳಂತೆ. ಫ್ಯಾಕ್ಟರಿ ಕಟ್ಟಡಕ್ಕೆ ಜಲ್ಲಿ ಹೊಡೆಯುವ ಟಿಪ್ಪರು. ಮುಂಚೆ ಅದು ಎತ್ತಿನ ಗಾಡಿ ಹೋಗುವ ದಾರಿ, ಅಗಲ ಮಾಡಿ ಡಾಂಬರು ಹಾಕಿ ಹೆಚ್ಚು ದಿನವಾಗಿರಲಿಲ್ಲ. ಬಿದ್ದ ಮೇಲೂ ಒಂದಷ್ಟು ಹೊತ್ತು ಜೀವವಿತ್ತಂತೆ. ಮಗ ಫ್ಯಾಕ್ಟರಿಯಿಂದ ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಸಾಯುವವರ ಬಾಯಿಗೆ ಹೆತ್ತ ಮಕ್ಕಳು ನೀರು ಬಿಡಬೇಕು, ಅದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುವುದು. ಅಜ್ಜಿಗೆ ಇದ್ದವನು ಒಬ್ಬನೇ ಮಗ. ಆ ನೀರು ಅವಳ ಬಾಯಿಗೆ ಬೀಳಲಿಲ್ಲ.

ಹಾಲು ತುಪ್ಪ ಬಿಡುವ ದಿನ ನಾನು ಹೋದೆ. ಮನೆ ತುಂಬ ನೆಂಟರು. ಹಟ್ಟಿ ಬಾಗಿಲಲ್ಲಿ ಗಂಡಸರು ತಲೆ ತಗ್ಗಿಸಿಕೊಂಡು ಕೂತಿದ್ದರು, ಒಳಗೆ ಹೆಂಗಸರು ಅತ್ತು ಅತ್ತು ದನಿ ಬಿದ್ದು ಈಗ ಪಿಸುಮಾತಿಗೆ ಇಳಿದಿದ್ದರು. ಮಗ ಸಮಾಧಿಗೆ ಹಾಲು ತುಪ್ಪ ಬಿಟ್ಟು ಬಂದು ಕೈಕಾಲು ತೊಳೆದುಕೊಂಡು ಗೋಡೆಗೆ ಒರಗಿದ್ದ. ಅಷ್ಟರಲ್ಲಿ ಹುಳುವಿನ ಕೋಣೆಯಿಂದ ಸತ್ತವಳ ದನಿ ಬಂತು.

"ಬಾಯಾರ್ತೈತೆ, ಒಸಿ ನೀರ್ ಕೊಡ್ರವ್ವ."

ಒಬ್ಬ ಮುದುಕಿ "ಅಯ್ಯೋ ಶಿವನೇ" ಅಂತ ಬಾಯಿಗೆ ಸೆರಗು ತುರುಕಿಕೊಂಡಳು. ಮಗ ಎದ್ದ. ಅವನ ಮುಖ ನಾನು ಮರೆಯಲಾರೆ. ಚೊಂಬಿನ ತುಂಬ ನೀರು ತುಂಬಿಕೊಂಡ. ನಾನು ಕೋಣೆಯತ್ತ ಕೈ ತೋರಿಸಿದೆ, ಅಲ್ಲಿದೆ ಮಗು ಅಂತ. ಅವನು ಕೋಣೆಗೆ ಹೋಗಲಿಲ್ಲ. ಹೊಸಿಲು ದಾಟಿ ಬರಿಗಾಲಲ್ಲಿ ತಾಯಿಯನ್ನು ಮಣ್ಣು ಮಾಡಿದ ಹೊಲದ ಕಡೆ ಓಡಿದ.

ಕೋಣೆಯೊಳಗೆ ಮಗು ಕಾಯಿತು. ನೀರು ಬರಲಿಲ್ಲ. ಮತ್ತೆ ಒತ್ತಿತು. "ಬಾಯಾರ್ತೈತೆ, ಒಸಿ ನೀರ್ ಕೊಡ್ರವ್ವ." ಆಗಷ್ಟೇ ಖಾಲಿ ಚೊಂಬು ಹಿಡಿದು ಹಟ್ಟಿ ಬಾಗಿಲಿಗೆ ಬಂದಿದ್ದ ಮಗ ಆ ದನಿ ಕೇಳಿ, ಮತ್ತೆ ತುಂಬಿಸಿಕೊಂಡು ಮತ್ತೆ ಓಡಿದ.

ನನಗೆ ತಡೆಯಲಾಗಲಿಲ್ಲ. "ನೀರು ಕೇಳ್ತಿರೋದು ಮಗು! ಬದುಕಿರೋ ಮಗು! ಯಾರಿಗೂ ಕಣ್ಣಿಲ್ವಾ ಇಲ್ಲಿ?" ಅಂತ ಸಾವಿನ ಮನೆ ಅನ್ನುವುದನ್ನೂ ಮರೆತು ಕಿರುಚಿದೆ. ನಾನೇ ಹಂಡೆಯಿಂದ ನೀರು ಬಗ್ಗಿಸಿ ಕೊಟ್ಟೆ. ಮಗು ಗಟಗಟ ಕುಡಿಯಿತು. ಎಷ್ಟು ಹೊತ್ತಿನಿಂದ ಬಾಯಾರಿತ್ತೋ.

ಮಗ ಹಿಂತಿರುಗಿದಾಗ ಅವನಿಗೂ ಬಾಯಿಗೆ ಬಂದದ್ದು ಅಂದೆ. ನಿನ್ನ ಮಗಳು ಒಣಗುತ್ತಿದ್ದರೆ ಮಣ್ಣಿಗೆ ನೀರು ಸುರಿಯುತ್ತೀಯಲ್ಲ, ಅದು ಬರೀ ಯಂತ್ರ, ಗೊತ್ತಿಲ್ಲವಾ ಅಂತ. ಅವನು ಸಿಟ್ಟಾಗಲಿಲ್ಲ.

"ಗೊತ್ತು ಮೇಡಂ. ಮಗುನೇ ಒತ್ತಿರದು ಅಂತ ನಂಗೂ ಗೊತ್ತು. ಆದ್ರೂ ನಮ್ಮವ್ವನ ದನಿ ನೀರ್ ಕೇಳ್ತಾ ಇದ್ರೆ ನಾನೆಂಗೆ ಸುಮ್ಕಿರ್ಲಿ ಯೋಳಿ. ಅವತ್ತು ಬಿಡಕ್ಕಾಗ್ನಿಲ್ವಲ್ಲ."

ಅದಕ್ಕೆ ಉತ್ತರವನ್ನು ಕೂಡಿ ಮಾಡುವ ಸಾಧನ ಅಂತ ಬರೆದವರು ಬಂದು ಹೇಳಲಿ.

ತಿಥಿಯ ದಿನ ಅಜ್ಜಿಯ ಎಲೆ ಅಡಿಕೆ ಚೀಲ, ಅವಳ ಒಂದು ಸೀರೆ, ಅವುಗಳ ಜೊತೆಗೆ ಡಬ್ಬಿಯನ್ನೂ ಹಿರಿಯರು ಗುಂಡಿ ತೋಡಿ ಅವಳ ತಲೆದೆಸೆಯಲ್ಲಿ ಹೂತರು. ಹೋದವಳ ದನಿ ಹೋದವಳ ಹತ್ತಿರವೇ ಇರಲಿ ಅಂದರಂತೆ. ನಾನಿರಲಿಲ್ಲ. ಇದ್ದಿದ್ದರೆ ಕೈ ಕೈ ಮಿಲಾಯಿಸುತ್ತಿದ್ದೆನೋ ಏನೋ. ಆಮೇಲೆ ಬೇರೆ ದನಿ ತುಂಬಿಸೋಣ ಅಂತ ಹೊಸ ಡಬ್ಬಿ ಕಡೆಸಿಕೊಂಡು ಹೋದಾಗ ಸೊಸೆ ಇದನ್ನೆಲ್ಲ ಹೇಳಿದಳು. ಹೇಳುವಾಗ ಹಜಾರದ ಕಡೆ ಕಣ್ಣು ಹೋಗದಂತೆ ತಡೆದುಕೊಳ್ಳುತ್ತಿದ್ದಳು. ನಾನೇ ನೋಡಿದೆ. ಮಗುವನ್ನು ಹಳೆಯ ಸೀರೆಯಲ್ಲಿ ಕಂಬಕ್ಕೆ ಕಟ್ಟಿಹಾಕಿದ್ದರು.

"ಏನಮ್ಮ ಇದು? ದನಾನಾ?"

"ಇನ್ನೇನ್ ಮಾಡ್ಲಿ ಮೇಡಂ?" ಅವಳ ದನಿ ಏರಿತು. "ಅತ್ತೆ ಇಲ್ಲ. ನಾನ್ ವ್ಯಾನ್ ಅತ್ತಬೇಕು. ಮೊನ್ನೆ ಫ್ಯಾಕ್ಟ್ರಿ ಹಿಂದ್ಲ ಹಳ್ಳದ ನೀರ್ ಕುಡೀತಾ ಕುಂತಿದ್ಲು, ಅರಿಸ್ನದ ಬಣ್ಣದ್ ನೀರು. ರಾತ್ರಿಯೆಲ್ಲಾ ಕಕ್ಕಂಡ್ಲು. ಕಟ್ಟಾಕಿದ್ರೆ ಬಾಯಾರ್ಕಂಡಾದ್ರೂ ಜೀವಂತ ಇರ್ತಳೆ. ಮಧ್ಯಾಹ್ನಕ್ಕೆ ಪಕ್ಕದ್ಮನೆಯೋರು ಬಂದು ನೀರ್ ಕುಡುಸ್ತರೆ. ನೆನಪಾದ್ರೆ."

ಮಗುವಿನ ಸೊಂಟದ ಮೇಲೆ ಸೀರೆ ಉಜ್ಜಿ ಕೆಂಪಗೆ ಬರೆ ಎದ್ದಿತ್ತು. ನಾನು ಗಂಟು ಬಿಚ್ಚಿದೆ. ಸಿಟ್ಟಿನಲ್ಲಿ ಸೀರೆಯನ್ನು ಮೂಲೆಗೆ ಎಸೆದೆ. ಯಾರ ಮೇಲಿನ ಸಿಟ್ಟು ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಹೊಸ ಡಬ್ಬಿಗೆ ಒಂದು ದನಿ ಬೇಕಿತ್ತು. ಮನೆಯವರದೇ ಆಗಬೇಕು, ದಿನಾ ಕೇಳುವ ದನಿಯೇ ಆಗಬೇಕು. ಅಪ್ಪನನ್ನು ಕೇಳಿದೆ, ತಲೆ ಅಲ್ಲಾಡಿಸಿ ಎದ್ದು ಹೋದ. ಪಕ್ಕದ ಮನೆಯವಳು ಡಬ್ಬಿ ಕಂಡ ಕೂಡಲೇ ಕದ ಹಾಕಿಕೊಂಡಳು. ಊರಲ್ಲಿ ಮಾತು ಹಬ್ಬಿತ್ತು, ಆ ಡಬ್ಬಿಗೆ ದನಿ ಕೊಟ್ಟವರು ಉಳಿಯುವುದಿಲ್ಲ ಅಂತ. ಅಜ್ಜಿಗೆ ಏನಾಗಿತ್ತು? ಗಟ್ಟಿಮುಟ್ಟಾಗಿದ್ದಳು. ದನಿಯನ್ನು ಯಂತ್ರದೊಳಕ್ಕೆ ಹಾಕಿದಳು, ಹೋದಳು. ಟಿಪ್ಪರಿನ ಡ್ರೈವರಿಗೆ ಯಾರೂ ಏನೂ ಅನ್ನಲಿಲ್ಲ, ಡಬ್ಬಿಗೆ ಅಂದರು.

ಸರಿ, ಸತ್ತರೆ ನಾನೇ ಸಾಯುತ್ತೇನೆ ಅಂತ ನನ್ನ ದನಿಯನ್ನೇ ತುಂಬಿಸಿದೆ. ಅಜ್ಜಿ ಅಂದಂತೆಯೇ ಅಂದೆ, ಅವಳ ರಾಗವನ್ನೇ ಎಳೆದೆ. ಮಗು ಒತ್ತಿತು, ಕೇಳಿತು, ಡಬ್ಬಿಯನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದು ಹೋಯಿತು. ಕಿರುಚಿದ್ದರೂ ಸಮಾಧಾನವಾಗುತ್ತಿತ್ತು. ಹಿಂದೆಯೇ ಹೋದೆ. ಹೊಲದಲ್ಲಿ ಅಜ್ಜಿಯ ತಲೆದೆಸೆಯಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಮಣ್ಣು ಕೆದಕುತ್ತಿತ್ತು. ಡಬ್ಬಿ ಹೂಳುವಾಗ ಯಾರೋ ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದರಂತೆ. ಉಗುರಿನ ಸಂದಿಯಲ್ಲಿ ರಕ್ತ. ನಾನು ಎಳೆದುಕೊಂಡು ಬಂದೆ. ಅವಳು ನನ್ನನ್ನು ಕಚ್ಚಿದಳು, ಕಚ್ಚಲಿ ಅಂತ ಬಿಟ್ಟೆ.

ಆ ದಿನ ಕೆದಕಿದ ಕೈಗಳನ್ನು ತೊಳೆದವಳು ಸೊಸೆ. ತೊಳೆಯುತ್ತಾ ತೊಳೆಯುತ್ತಾ, ತಲೆ ಎತ್ತದೆ, "ಮುಂದಿನ್ ಭಾನುವಾರ ಬನ್ನಿ ಮೇಡಂ, ನಾನ್ ಕೊಡ್ತೀನಿ" ಅಂದಳು.

ಭಾನುವಾರ ಹೋದಾಗ ಅವಳು ತಲೆಗೆ ನೀರು ಹಾಕಿಕೊಂಡು, ಕುಂಕುಮ ಇಟ್ಟುಕೊಂಡು, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು ಕೂತಿದ್ದಳು. ಗಂಡನನ್ನು ಬೇಕಂತಲೇ ಹೊರಗೆ ಕಳಿಸಿದ್ದಳು. ಮಗುವನ್ನು ಮುಂದೆ ನನ್ನ ತಂಗಿ ನೋಡಿಕೊಳ್ಳುವಂತೆ ಮಾತಾಡಿಕೊಂಡು ಬಂದಿದ್ದೀನಿ ಅಂದಳು. ನನಗೆ ಆಗ ಹೊಳೆಯಿತು, ಇವಳು ಊರವರ ಮಾತನ್ನು ಸುಳ್ಳು ಅಂದುಕೊಂಡು ಕೂತವಳಲ್ಲ. ಪೂರ್ತಿ ನಂಬಿಯೇ ಕೂತಿದ್ದಾಳೆ. ನಂಬಿಯೂ ಕೊಡುತ್ತಿದ್ದಾಳೆ.

"ಏನೂ ಆಗಲ್ಲ ಕಣಮ್ಮ. ದೇವರಾಣೆ ಏನೂ ಆಗಲ್ಲ."

"ಆಗ್ಲಿ ಬುಡಿ. ಎಲ್ಲಾನೂ ಇವತ್ತೇ ತುಂಬ್ಕಬುಡಿ ಮೇಡಂ. ದೊಡ್ಡೋಳಾದ್ ಮ್ಯಾಲೆ ಬೇಕಾಗೋ ಮಾತೂ ಸೇರ್ಸಿ."

ನಾಲ್ಕೇ ಗುಂಡಿ ಇರುವುದು, ನಾಲ್ಕೇ ಮಾತು ಹಿಡಿಸುವುದು ಅಂತ ಹೇಳಲೇಬೇಕಾಯಿತು. ಒಬ್ಬ ತಾಯಿ ತನ್ನ ಮಗಳ ಇಡೀ ಬಾಳಿಗೆ ನಾಲ್ಕು ಮಾತು ಆರಿಸಬೇಕು. ನಮ್ಮ ಕೇಂದ್ರದಲ್ಲಿ ಇದನ್ನು ಎ.ಸಿ. ಕೋಣೆಯಲ್ಲಿ ಕಾಫಿ ಕುಡಿಯುತ್ತಾ ತೀರ್ಮಾನ ಮಾಡುತ್ತಿದ್ದೆವು. ಥೂ.

ಅವಳು ಯೋಚಿಸಿದಳು. ಮೊದಲನೆಯದು ನೀರು, ಅದರಲ್ಲಿ ಮಾತೇ ಇಲ್ಲ. ಎರಡನೆಯದು ಹಸಿವು. ಮೂರನೆಯದು ನೋವು. ಹೊರಕ್ಕೆ ಹೋಗಬೇಕು ಅನ್ನುವುದನ್ನು ಮಗು ಈಗ ಕೈ ಹಿಡಿದು ಎಳೆದು ತಿಳಿಸುತ್ತಿತ್ತು, ಸಾಕಾದರೆ ತಟ್ಟೆ ತಳ್ಳುತ್ತಿತ್ತು. ಒಂದು ಗುಂಡಿ ಉಳಿಯಿತು.

"ಇದಕ್ಕೆ ಅವ್ವ ಅಂತ ಹಾಕೋಣ" ಅಂದೆ. "ನಿನ್ನ ಫೋಟೋ ಅಂಟಿಸ್ತೀನಿ. ಒಂದು ದಿನಾನೂ ಕರೆದಿಲ್ಲ ನಿನ್ನ. ಒತ್ತಿ ಕರೀಲಿ."

ಬೇಕು ಅಂತ ಅವಳ ಮುಖವೆಲ್ಲ ಹೇಳುತ್ತಿತ್ತು. ತುಸು ಹೊತ್ತು ಡಬ್ಬಿಯ ಆ ಖಾಲಿ ಗುಂಡಿಯನ್ನು ಹೆಬ್ಬೆರಳಿಂದ ಸವರಿದಳು.

"ಬ್ಯಾಡ ಮೇಡಂ. ನಾನಿಲ್ದಿದ್ ಮ್ಯಾಲೆ ಅವ್ವ ಅಂತ ಒತ್ತುದ್ರೆ ಯಾರ್ ಬತ್ತರೆ? ಊರ್ ತುಂಬ ಲಾರಿಯೋರು, ಗಾರೆ ಕೆಲ್ಸದೋರು, ಗುರ್ತು ಪರಿಚಯ ಇಲ್ದೋರು. ಅವ್ಳು ಬೆಳೀತವ್ಳೆ. ಮುಟ್ಬ್ಯಾಡ ಅಂತ ಹಾಕಿ."

ನಾನು ಒಂದು ಅಂಗೈಯ ಚಿತ್ರ ಬರೆದು ಆ ಗುಂಡಿಗೆ ಅಂಟಿಸಿದೆ. ಅವಳು ಡಬ್ಬಿಗೆ ಬಾಗಿ ನಾಲ್ಕು ಮಾತೂ ಹೇಳಿದಳು. ಮೊದಲ ಮೂರರಲ್ಲಿ ದನಿ ನಡುಗಿತು, ಮತ್ತೆ ಹೇಳಿಸಿದೆ. ಕೊನೆಯದು ಮಾತ್ರ ಒಂದೇ ಸಲಕ್ಕೆ ಬಂತು, ಗಟ್ಟಿಯಾಗಿ, ಬೀದಿಗೆ ಕೇಳುವ ಹಾಗೆ.

ನೀರಿನ ಗುಂಡಿಯನ್ನು ಮಗು ಬೇಗ ಹಿಡಿಯಿತು. ಚಿತ್ರ ಅದೇ ಹಳೆಯ ಚೊಂಬು, ದನಿ ಹುಟ್ಟಿದಾಗಿನಿಂದ ಕೇಳಿದ್ದು. ಪಕ್ಕದ ಮನೆಯವಳಿಗೆ ಡಬ್ಬಿಯ ಕೂಗು ಗೋಡೆಯಾಚೆಗೂ ಕೇಳಿಸುತ್ತಿತ್ತು, ಬೈಯುತ್ತಲೇ ಬಂದು ನೀರು ಕೊಡುತ್ತಿದ್ದಳು. ಕಂಬದ ಸೀರೆಯನ್ನು ಮಾತ್ರ ಇನ್ನೂ ಪೂರ್ತಿ ಬಿಚ್ಚಲು ಆಗಿರಲಿಲ್ಲ, ಉದ್ದ ಮಾಡಿದ್ದರು. ಅಂಗೈ ಚಿತ್ರದ ಗುಂಡಿ ತಿಂಗಳುಗಟ್ಟಲೆ ತಲೆಗೆ ಹತ್ತಲಿಲ್ಲ. ತಲೆ ಬಾಚುವಾಗ, ಉಗುರು ಕತ್ತರಿಸುವಾಗ, ಮಗು ಕೊಸರಿದಾಗೆಲ್ಲ ಅವ್ವ ಅದರ ಬೆರಳು ಹಿಡಿದು ಆ ಗುಂಡಿ ಒತ್ತಿಸಿ, ತಕ್ಷಣ ತನ್ನ ಕೈ ತೆಗೆಯುತ್ತಿದ್ದಳು. ಇದರ ನಡುವೆ ತನಗೆ ಒಂದು ಸಣ್ಣ ಜ್ವರ ಬಂದರೂ, ಸಾಯುವ ಸರದಿ ಬಂತು ಅಂತ ಕಾದು ಮಲಗುತ್ತಿದ್ದಳು. ಜ್ವರ ಬಿಟ್ಟರೆ ಎದ್ದು ವ್ಯಾನು ಹತ್ತುತ್ತಿದ್ದಳು.

ಯೋಜನೆ ಮುಗಿಯಿತು ಅಂತ ಕೇಂದ್ರದವರು ಹೇಳಿದ ಮೇಲೆ, ಹೇಳಿಬರಲು ಹೋಗಿದ್ದೆ. ಅವತ್ತು ಅವಳಿಗೆ ರಜೆ. ಮಗು ಬಂದು ಚೊಂಬಿನ ಗುಂಡಿ ಒತ್ತಿತು. ಅವಳು ನೀರು ಕೊಟ್ಟಳು. ಕುಡಿದ ಮೇಲೆ ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಸೆರಗಿನಲ್ಲಿ ಒರೆಸಿ, ಒರೆಸಿದ ಕೈಯಲ್ಲೇ ಮಗಳ ಕೆನ್ನೆ ಹಿಡಿದುಕೊಂಡಳು. ಹಿಡಿದವಳು ಬಿಡಲಿಲ್ಲ. ಅಷ್ಟು ಹತ್ತಿರಕ್ಕೆ ಮಗಳು ಬರುವುದೇ ಅಪರೂಪ.

ಮಗುವಿನ ಬೆರಳು ಡಬ್ಬಿಯ ಮೇಲೆ ಹುಡುಕಾಡಿ, ಅಂಗೈ ಚಿತ್ರದ ಮೇಲೆ ನಿಂತು, ಒತ್ತಿತು.

"ಮುಟ್ಬ್ಯಾಡ!" ಅಂತ ಅವಳದೇ ದನಿ ಅವಳ ಮುಖಕ್ಕೆ ಕೂಗಿತು.

ಅವಳು ಬೆಂಕಿ ಮುಟ್ಟಿದವಳಂತೆ ಕೈ ತೆಗೆದಳು. ತೆಗೆದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ಮಾತ್ರ ಅರಳಿತ್ತು.

"ಮಾತ್ ಏಳುದ್ಲು ಕಣ್ ಮೇಡಂ," ಅಂದಳು. "ಕೇಳುಸ್ತಾ ನಿಮ್ಗೆ? ನಂಗೇ ಏಳುದ್ಲು."